ಅಪ್ಪನ ಆಗ್ಫಾ ಕ್ಲಿಕ್ 3: ಎರಡು ರೀಲು ಮುಗಿಸಿದ ಮೇಲೆ

ಆಗ್ಫಾ ಕ್ಲಿಕ್ 3 ಈಗ ಅಂಗಡಿಯಲ್ಲಿ ಸಿಗುವ ಕ್ಯಾಮೆರಾ ಅಲ್ಲ. ಅದರ ತಯಾರಿಕೆ ನಿಂತು ಎಷ್ಟೋ ವರ್ಷ ಆಯಿತು. ಆದರೆ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ, ಅಟ್ಟದ ಮೇಲೋ, ಟ್ರಂಕಿನ ತಳದಲ್ಲೋ, ಬೀರುವಿನ ಮೇಲಿನ ಖಾನೆಯಲ್ಲಿ ಹಳೇ ಸ್ವೆಟರ್‌ಗಳ ಹಿಂದೆಯೋ ಅದು ಇನ್ನೂ ಕೂತಿದೆ. ನಮ್ಮ ಮನೆಯಲ್ಲೂ ಹಾಗೇ ಇತ್ತು. ಹೋದ ದೀಪಾವಳಿಗೆ ಭದ್ರಾವತಿಗೆ ಹೋದಾಗ ಅಪ್ಪನನ್ನು ಕೇಳಿ ಕೆಳಗಿಳಿಸಿಕೊಂಡೆ, ಒರೆಸಿದೆ, ರೀಲು ಹಾಕಿದೆ. ಈವರೆಗೆ ಎರಡು ರೀಲು ಪೂರ್ತಿ ಮುಗಿದಿವೆ, ಮೂರನೆಯದು ಒಳಗಿದೆ. ಮನೆಯಲ್ಲಿ ಇಂಥದ್ದೊಂದು ಇದೆ ಏನು ಮಾಡೋದು ಅಂತ ಯೋಚಿಸುವವರಿಗೆ, ಎಲ್ಲೋ ಕಂಡಿದೆ ಕೊಳ್ಳಲಾ ಬೇಡ್ವಾ ಅನ್ನುವವರಿಗೆ ಇದನ್ನು ಬರೆಯುತ್ತಿದ್ದೇನೆ.

ಇದೊಂದು ಕಪ್ಪು ಪ್ಲಾಸ್ಟಿಕ್ ಡಬ್ಬ. 120 ಅನ್ನುವ ಅಳತೆಯ ರೀಲು ಹಾಕಬೇಕು. ಒಂದು ರೀಲಿಗೆ 12 ಫೋಟೊ, ಪ್ರತಿಯೊಂದೂ 6 ಸೆಂಟಿಮೀಟರ್ ಚೌಕ. ಕ್ಲಿಕ್ ಅನ್ನುವ ಹೆಸರಿನ ಕ್ಯಾಮೆರಾಗಳನ್ನು ಜರ್ಮನಿಯ ಆಗ್ಫಾ ಕಂಪನಿ 1950ರ ದಶಕದ ಕೊನೆಯಲ್ಲಿ ಶುರು ಮಾಡಿತು. ಕ್ಲಿಕ್ 3 ಮಾತ್ರ ನಮ್ಮ ದೇಶದಲ್ಲೇ, ಬರೋಡಾದ ನ್ಯೂ ಇಂಡಿಯಾ ಇಂಡಸ್ಟ್ರೀಸ್ ಕಂಪನಿಯಲ್ಲಿ ತಯಾರಾಗಿದ್ದು. ಬ್ಯಾಟರಿ ಇಲ್ಲ. ಬೆಳಕು ಅಳೆಯುವ ಮೀಟರ್ ಇಲ್ಲ. ಬೆಳಕಿಗೆ ತೆರೆದು ಮುಚ್ಚುವ ಬಾಗಿಲು ಅಂದರೆ ಶಟರ್, ಅದಕ್ಕೆ ಒಂದೇ ವೇಗ, ಸೆಕೆಂಡಿನ ಮೂವತ್ತನೇ ಒಂದು ಭಾಗದ ಆಸುಪಾಸು. ಬಿಸಿಲಿಗೆ ಒಂದು ಗುರುತು, ಮೋಡಕ್ಕೆ ಒಂದು ಗುರುತು. ಹತ್ತು ಅಡಿ ದೂರ ನಿಂತು, ಬಿಸಿಲೋ ಮೋಡವೋ ನೋಡಿಕೊಂಡು, ಒತ್ತಬೇಕು. ಮುಗಿಯಿತು.

ಕ್ಯಾಮೆರಾ ಇಷ್ಟೇ ಕೆಲಸ ಮಾಡಿದರೆ ಮಿಕ್ಕಿದ್ದನ್ನೆಲ್ಲ ಮನೆಯವರು ಮಾಡಬೇಕಾಗುತ್ತದೆ. ನಿಲ್ಲೋದು, ಕಾಯೋದು, ಯಾವುದಕ್ಕೆ ಫೋಟೊ ಯಾವುದಕ್ಕೆ ಬೇಡ ಅಂತ ಮಾತಾಡಿಕೊಳ್ಳೋದು. ನನಗೆ ಫೋಟೊ ಹುಚ್ಚು ಹತ್ತಿದ್ದು ಆ ಮಿಕ್ಕ ಕೆಲಸದಿಂದ. ಅದನ್ನು ಬಿಟ್ಟು ಬರೀ ಲೆನ್ಸು ಶಟರು ಅಂತ ಈ ಕ್ಯಾಮೆರಾದ ಬಗ್ಗೆ ಬರೆಯಲು ನನ್ನಿಂದ ಆಗುವುದಿಲ್ಲ.

ಅಪ್ಪ ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ನಾವು ಬೆಳೆದದ್ದು ನ್ಯೂಟೌನ್ ಕ್ವಾರ್ಟರ್ಸ್‌ನಲ್ಲಿ. ಈ ಕ್ಯಾಮೆರಾವನ್ನು ಅಪ್ಪ 1974ರಲ್ಲಿ, ಮದುವೆಗೆ ಒಂದು ವರ್ಷ ಮುಂಚೆ, ಶಿವಮೊಗ್ಗದಲ್ಲಿ ಕೊಂಡರು. ಆಗ ಅವರಿಗೆ 25 ವರ್ಷ. ಸಂಬಳದಲ್ಲಿ ಊರಿಗೆ ಕಳಿಸಿ, ಹೋಟೆಲ್ ಲೆಕ್ಕ ಚುಕ್ತಾ ಮಾಡಿ, ಉಳಿದದ್ದನ್ನು ಕೂಡಿಟ್ಟು ಕೊಂಡದ್ದಂತೆ. ಯಾಕೆ ಕೊಂಡ್ರಿ ಅಂತ ಎಷ್ಟೋ ಸಲ ಕೇಳಿದ್ದೇನೆ. "ನಮ್ಮಪ್ಪಂದು ಒಂದೂ ಫೋಟೊ ಇಲ್ಲ ಮಗ" ಅನ್ನುತ್ತಾರೆ, ಅಷ್ಟೇ. ನನ್ನ ಅಜ್ಜ ಅಪ್ಪನಿಗೆ ಹನ್ನೊಂದು ವರ್ಷ ಇದ್ದಾಗ ತೀರಿಹೋದರು. ಅವರ ಮುಖ ಹೇಗಿತ್ತು ಅಂತ ಅಪ್ಪನಿಗೆ ಈಗ ಸರಿಯಾಗಿ ನೆನಪಿಲ್ಲ.

ಅಪ್ಪ ಫೋಟೊ ತೆಗೆಯುತ್ತಿದ್ದುದು ಫಸ್ಟ್ ಶಿಫ್ಟ್ ಇದ್ದ ವಾರಗಳಲ್ಲಿ ಮಾತ್ರ. ಸೆಕೆಂಡ್ ಶಿಫ್ಟ್ ವಾರ ಸಂಜೆ ಹೊತ್ತು ಮನೆಯಲ್ಲಿ ಇರುತ್ತಿರಲಿಲ್ಲ. ನೈಟ್ ಶಿಫ್ಟ್ ವಾರ ಹಗಲೆಲ್ಲ ನಿದ್ದೆ, ನಾವು ಪಿಸುಗುಟ್ಟಿಕೊಂಡು ಓಡಾಡಬೇಕಿತ್ತು. ಫಸ್ಟ್ ಶಿಫ್ಟ್ ಅಂದರೆ ಬೆಳಗ್ಗೆ ಆರಕ್ಕೆ ಹೋಗಿ ಮಧ್ಯಾಹ್ನ ಎರಡಕ್ಕೆ ಬಿಡುಗಡೆ. ಸೈಕಲ್ ತುಳಿದುಕೊಂಡು ಬಂದು, ಸ್ನಾನ ಮಾಡಿ, ಊಟ ಮಾಡಿ, ಸ್ವಲ್ಪ ಹೊತ್ತು ಚಾಪೆ ಮೇಲೆ ಮಲಗಿ ಎದ್ದರೆ ನಾಲ್ಕು ಗಂಟೆ. ಬಿಸಿಲು ಓರೆಯಾಗಿರುತ್ತಿತ್ತು. ಹಿತ್ತಲ ನುಗ್ಗೆ ಮರದ ಎಲೆಗಳ ಮಧ್ಯೆ ಇಳಿದು ಅಂಗಳದ ಸಗಣಿ ನೆಲದ ಮೇಲೆ ಬೀಳುತ್ತಿತ್ತು. ಆಗ ಕ್ಯಾಮೆರಾ ಹೊರಗೆ ಬರುತ್ತಿತ್ತು. ಹಾಗಾಗಿ ನನ್ನ ಬಾಲ್ಯದ ಫೋಟೊಗಳಲ್ಲಿ ಮುಕ್ಕಾಲು ಪಾಲು ನಾಲ್ಕು ಗಂಟೆಯ ಬೆಳಕಿನವು. ಈಗ ನನ್ನ ಹತ್ತಿರ ಒಳ್ಳೆಯ ಡಿಜಿಟಲ್ ಕ್ಯಾಮೆರಾ ಇದೆ, ಯಾವ ಹೊತ್ತಿನಲ್ಲಿ ಬೇಕಾದರೂ ತೆಗೆಯಬಹುದು, ಆದರೂ ರಜಾ ದಿನ ಮೈಸೂರಿನ ಮನೆಯಲ್ಲಿ ನಾಲ್ಕು ಹೊಡೆದರೆ ಕೂತಲ್ಲಿ ಕೂರಲು ಆಗುವುದಿಲ್ಲ, ಕೈ ಕ್ಯಾಮೆರಾ ಹುಡುಕುತ್ತದೆ. ನನ್ನ ಕಣ್ಣಿಗೆ ಯಾವ ಬೆಳಕು ಚೆಂದ ಅನ್ನೋದನ್ನು ಕಾರ್ಖಾನೆಯ ಶಿಫ್ಟ್ ತೀರ್ಮಾನ ಮಾಡಿಬಿಟ್ಟಿತ್ತು. ಇದು ನನಗೆ ಗೊತ್ತಾಗಿದ್ದು ಮೊನ್ನೆ, ಹಳೇ ಆಲ್ಬಂ ಪಕ್ಕದಲ್ಲಿಟ್ಟುಕೊಂಡು ನನ್ನ ಫೋಟೊ ನೋಡುವಾಗ.

ಇನ್ನೊಂದು ವಿಷಯ. ಇಂಥ ಕ್ಯಾಮೆರಾಗಳಿಗೆ ಸೂರ್ಯ ಯಾವಾಗಲೂ ತೆಗೆಯುವವರ ಬೆನ್ನಿಗಿರಬೇಕು ಅಂತ ಆಗ ಎಲ್ಲರೂ ಹೇಳುತ್ತಿದ್ದರು. ಅಪ್ಪ ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದರು. ನಾಲ್ಕು ಗಂಟೆಯ ಬಿಸಿಲು ಬೆನ್ನಿಗೆ, ಹತ್ತಡಿ ದೂರದಲ್ಲಿ ನಾವು. ಹಾಗಾಗಿ ಅವರ ಉದ್ದ ನೆರಳು ನಮ್ಮ ಕಾಲಿನ ಹತ್ತಿರ ಬಂದು ಬೀಳುತ್ತಿತ್ತು. ಆಲ್ಬಂ ತುಂಬ ಅಪ್ಪ ಹೀಗೇ ಇದ್ದಾರೆ. ತಲೆ, ಎರಡು ಮೊಣಕೈ, ಮಧ್ಯದಲ್ಲಿ ಕ್ಯಾಮೆರಾ. ನನ್ನ ತಮ್ಮ ಮೊದಲ ಸಲ ಎದ್ದು ನಿಂತ ಫೋಟೊದಲ್ಲಿ ಅವನು ನಿಂತಿರೋದೇ ಆ ನೆರಳಿನ ತಲೆಯ ಮೇಲೆ.

ಕ್ಯಾಮೆರಾ ಅಪ್ಪನದು, ಲೆಕ್ಕ ಅಮ್ಮನದು. ಹನ್ನೆರಡರಲ್ಲಿ ಯಾವುದು ಯಾವುದಕ್ಕೆ ಅಂತ ಅಮ್ಮ ಹಂಚುತ್ತಿದ್ದಳು. ಗೌರಿ ಹಬ್ಬಕ್ಕೆ ಎರಡು. ನಮ್ಮ ಹುಟ್ಟುಹಬ್ಬಕ್ಕೆ ಒಂದೊಂದು. ಪಕ್ಕದ ಕ್ವಾರ್ಟರ್ಸ್‌ನವರ ಮಗು ತೊಟ್ಟಿಲಿಗೆ ಬಂದರೆ ಅವರಿಗೊಂದು, ಯಾಕೆಂದರೆ ಅವರ ಮನೆಯಲ್ಲಿ ಕ್ಯಾಮೆರಾ ಇಲ್ಲ. ಲಕ್ಕವಳ್ಳಿ ಡ್ಯಾಮಿಗೋ ಜೋಗಕ್ಕೋ ಹೋದರೆ ಮೂರು. ಕೊನೆಯ ಒಂದು ಯಾವಾಗಲೂ ಮೀಸಲು, ಯಾರಾದರೂ ನೆಂಟರು ಬಂದರೆ ಇರಲಿ ಅಂತ. ಹೀಗೆ ಒಂದು ರೀಲು ನಾಲ್ಕು ತಿಂಗಳೋ ಐದು ತಿಂಗಳೋ ಒಳಗೇ ಇರುತ್ತಿತ್ತು. ರೀಲು ತೊಳೆಸಿ ಫೋಟೊ ಮಾಡಿಸಿಕೊಂಡು ಬಂದಾಗ ಗಣಪತಿ ಪಕ್ಕದಲ್ಲಿ ಎಳ್ಳು ಬೆಲ್ಲದ ತಟ್ಟೆ, ಅದರ ಪಕ್ಕದಲ್ಲಿ ರೇನ್‌ಕೋಟ್ ಹಾಕಿಕೊಂಡ ತಮ್ಮ. "ಇನ್ನೆಷ್ಟು ಇದೆ?" ಅಂತ ಅಮ್ಮ ಕೇಳುತ್ತಲೇ ಇರುತ್ತಿದ್ದಳು. ನಾನು ಓಡಿಹೋಗಿ ಕ್ಯಾಮೆರಾ ಬೆನ್ನಿನ ಕೆಂಪು ಕಿಂಡಿಯಲ್ಲಿ ನಂಬರ್ ನೋಡಿ ಬಂದು ಹೇಳುತ್ತಿದ್ದೆ.

ಇದರಿಂದ ನನಗೆ ಒಂದು ಅಭ್ಯಾಸ ಬಂತು. ಕ್ಯಾಮೆರಾ ಕೈಯಲ್ಲಿ ಇಲ್ಲದಾಗಲೂ ನೋಡಿದ್ದನ್ನೆಲ್ಲ, ಇದಕ್ಕೆ ಒಂದು ಕೊಡಬಹುದಾ ಬೇಡ್ವಾ ಅಂತ ಮನಸ್ಸಿನಲ್ಲೇ ತೂಗುತ್ತಿದ್ದೆ. ಬಾವಿಕಟ್ಟೆ ಮೇಲೆ ಕಾಗೆ. ಬೇಡ. ಮಳೆ ನಿಂತ ಮೇಲೆ ತಂತಿಯ ಮೇಲೆ ಸಾಲಾಗಿ ನಿಂತ ಹನಿ. ಬೇಕು, ಆದರೆ ಹತ್ತಡಿಗಿಂತ ಹತ್ತಿರ ಹೋದರೆ ಮಂಜಾಗುತ್ತದೆ ಅಂತ ಅಪ್ಪ ಹೇಳಿದ್ದಾರೆ. ಹೀಗೆ ತೆಗೆಯದೇ ಬಿಟ್ಟ ಫೋಟೊಗಳೇ ನನಗೆ ಜಾಸ್ತಿ ಕಲಿಸಿವೆ.

ಅಮ್ಮನ ಇನ್ನೊಂದು ಕೆಲಸ ಆಲ್ಬಂ. ಕಪ್ಪು ಹಾಳೆ, ಹಾಳೆಗಳ ಮಧ್ಯೆ ಜೇಡರ ಬಲೆಯ ಚಿತ್ತಾರದ ತೆಳು ಕಾಗದ, ಫೋಟೊದ ನಾಲ್ಕು ಮೂಲೆಗೆ ಅಂಟಿಸುವ ಪುಟ್ಟ ಕಾರ್ನರ್. ಕೆಳಗೆ ಬಿಳಿ ಪೆನ್ಸಿಲಿನಲ್ಲಿ ಊರು, ತಿಂಗಳು. ಆಲ್ಬಂನ ಕೊನೆಯ ಹಾಳೆಗಳಲ್ಲಿ ವಾರಪತ್ರಿಕೆಗಳಿಂದ ಕತ್ತರಿಸಿದ ಫೋಟೊಗಳು ಇರುತ್ತಿದ್ದವು. ಯಾರದೋ ಊರಿನ ಜಾತ್ರೆ, ಯಾವುದೋ ಮಗು. ಅವಳಿಗೆ ಚೆಂದ ಕಂಡದ್ದು. 2023ರಲ್ಲಿ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಮ್ಯಾಪ್ ಅನ್ನುವ ಕಲೆ ಮತ್ತು ಫೋಟೊಗಳ ಸಂಗ್ರಹಾಲಯ ಬಾಗಿಲು ತೆರೆದಾಗ ಅಲ್ಲಿ ನಮ್ಮ ಮೈಸೂರಿನ ಫೋಟೊ ಪತ್ರಕರ್ತ ಟಿ.ಎಸ್. ಸತ್ಯನ್ ಅವರ ಫೋಟೊಗಳ ಪ್ರದರ್ಶನ ಇತ್ತು. ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಸತ್ಯನ್ ತೆಗೆದ ಮಕ್ಕಳ ಫೋಟೊಗಳು 1979ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ, ನ್ಯೂಯಾರ್ಕಿನ ವಿಶ್ವಸಂಸ್ಥೆ ಕಚೇರಿಯಲ್ಲಿ ಪ್ರದರ್ಶನ ಆಗಿದ್ದವು. ಅಮ್ಮ ಒಂದೊಂದರ ಮುಂದೆಯೂ ನಿಂತು ನಿಂತು ನೋಡಿದಳು. ಹೊರಗೆ ಬಂದ ಮೇಲೆ, "ಇವರು ಮಕ್ಕಳನ್ನ ನಿಲ್ಲಿಸಿ ತೆಗೆದಿಲ್ಲ ಕಣೇ, ಮಕ್ಕಳು ಇದ್ದ ಹಾಗೇ ಬಿಟ್ಟು ತಾವು ನಿಂತಿದಾರೆ" ಅಂದಳು. ನಾನು ಓದಿದ ಎಷ್ಟೋ ವಿಮರ್ಶೆಗಳಿಗಿಂತ ಆ ಮಾತು ದೊಡ್ಡದು ಅನ್ನಿಸಿತು.

ಆಗ ನಾವು ಹಾಕುತ್ತಿದ್ದ ರೀಲಿನ ಹೆಸರು ಇಂದು. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಅನ್ನುವ ಸರ್ಕಾರಿ ಕಾರ್ಖಾನೆಯದು. 1967ರಲ್ಲಿ ಅಲ್ಲಿ ಉತ್ಪಾದನೆ ಶುರುವಾಯಿತು, ಈಗ ಅದು ಮುಚ್ಚಿದೆ. ಚಿಕ್ಕವಳಿದ್ದಾಗ ನಾನು ಇಂದು ಅಂದರೆ ಇವತ್ತು ಅಂತಲೇ ತಿಳಿದಿದ್ದೆ. ಫೋಟೊ ರೀಲಿಗೆ ಇವತ್ತು ಅಂತ ಹೆಸರಿಟ್ಟಿದ್ದಾರಲ್ಲ, ಎಷ್ಟು ಸರಿಯಾಗಿದೆ ಅಂತ ಖುಷಿ. ಅದು ಚಂದ್ರನ ಹೆಸರು ಅಂತ ಆಮೇಲೆ ತಿಳಿಯಿತು. ಫಿಲ್ಮಿನಲ್ಲಿ ಬೆಳಕು ಹಿಡಿಯೋದು ಬೆಳ್ಳಿಯ ಲವಣ, ಹಾಗಾಗಿ ಚಂದ್ರನೂ ಸರಿಯೇ. ಆದರೆ ನನ್ನ ಮಟ್ಟಿಗೆ ಅದು ಇವತ್ತಿಗೂ ಇವತ್ತೇ.

ನಾನು ಮೊದಲ ಸಲ ಒತ್ತಿದ್ದು 1984ರ ದಸರಾ ರಜೆಯಲ್ಲಿ. ನನಗೆ ಎಂಟು ವರ್ಷ. ಮಾರನೇ ದಿನ ಜೋಗಕ್ಕೆ ಹೊರಡೋದಿತ್ತು. ಅಜ್ಜಿಗೆ, ಅಂದರೆ ಅಮ್ಮನ ಅಮ್ಮನಿಗೆ, ಮಂಡಿ ನೋವು, ಬಸ್ಸಿನಲ್ಲಿ ಕೂರಲು ಆಗುವುದಿಲ್ಲ, ಬರೋದಿಲ್ಲ ಅಂದಳು. ಎಲ್ಲರಿಗೂ ಬೇಜಾರಾಗಿತ್ತು. ಆಗ ಅಪ್ಪ, "ಅಜ್ಜಿದು ಒಂದು ನೀನೇ ತೆಗಿ" ಅಂತ ಕ್ಯಾಮೆರಾ ನನ್ನ ಕೈಗೆ ಕೊಟ್ಟರು. ಅಜ್ಜಿ ಕಪ್ಪಂಚಿನ ಗಾಢ ಕೆಂಪು ಸೀರೆ ಉಟ್ಟು ನುಗ್ಗೆ ಮರದ ಕೆಳಗೆ ನಿಂತಳು. ಅಪ್ಪ ನನ್ನ ಹಿಂದೆ ನಿಂತು ಎರಡೂ ಮೊಣಕೈಯನ್ನು ನನ್ನ ಪಕ್ಕೆಗೆ ಒತ್ತಿ ಹಿಡಿಸಿ, "ಉಸಿರು ಹಿಡಿ, ಈಗ" ಅಂದರು. ಒತ್ತಿದೆ. ಆಮೇಲೆ ಖುಷಿಯಲ್ಲಿ ರೀಲು ಮುಂದೆ ತಿರುಗಿಸೋದು ಮರೆತೆ. ತಿರುಗಿಸಿರುತ್ತಾಳೆ ಅಂತ ಅಪ್ಪ ಅಂದುಕೊಂಡರು. ಈ ಕ್ಯಾಮೆರಾದಲ್ಲಿ ಶಟರಿಗೂ ರೀಲಿಗೂ ಸಂಬಂಧ ಇಲ್ಲ. ತಿರುಗಿಸದೇ ಹತ್ತು ಸಲ ಒತ್ತಿದರೂ ಹತ್ತೂ ಒಂದೇ ಜಾಗದಲ್ಲಿ ಬೀಳುತ್ತವೆ.

ರೀಲು ತೊಳೆಸಿಕೊಂಡು ಬಂದದ್ದು ಸಂಕ್ರಾಂತಿ ಹೊತ್ತಿಗೆ. ಅಜ್ಜಿಯ ಫೋಟೊ ಬೇರೆ ಇರಲಿಲ್ಲ, ಜೋಗದ ಮೊದಲ ಫೋಟೊ ಬೇರೆ ಇರಲಿಲ್ಲ. ಎರಡೂ ಒಂದೇ ಆಗಿತ್ತು. ಅಜ್ಜಿಯ ಗಾಢ ಬಣ್ಣದ ಸೀರೆಯ ಮೇಲೆ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಧಾರೆ ಬೆಳ್ಳಗೆ ಇಳಿಯುತ್ತಿವೆ. ನಾನು ಅಳಲು ಶುರು ಮಾಡಿದೆ. ಎರಡು ಫೋಟೊ ಹಾಳಾಯಿತು, ಹನ್ನೆರಡರಲ್ಲಿ ಎರಡು ಅಂದರೆ ಎಷ್ಟು ಅಂತ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅಜ್ಜಿ ಫೋಟೊ ಇಸಿದುಕೊಂಡು ಕಣ್ಣಿಗೆ ಹತ್ತಿರ ಹಿಡಿದು ತುಂಬ ಹೊತ್ತು ನೋಡಿದಳು. "ನಾನೂ ಜೋಗಕ್ಕೆ ಹೋಗಿ ಬಂದ ಹಾಗಾಯ್ತಲ್ಲೇ" ಅಂದಳು. ಅಪ್ಪ ಬೈಯಲಿಲ್ಲ. ಅದನ್ನೇ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಹಾಲಿನಲ್ಲಿ ತೂಗುಹಾಕಿದರು. ಅವತ್ತಿನಿಂದ ರೀಲು ತಿರುಗಿಸುವ ಕೆಲಸ ನನ್ನದು ಅಂತ ಮಾಡಿದರು. ಅಜ್ಜಿ ಜೋಗ ನೋಡದೇ ತೀರಿಕೊಂಡಳು. ಫೋಟೊ ಇನ್ನೂ ಅದೇ ಗೋಡೆಯ ಮೇಲಿದೆ.

ಅವತ್ತು ಅಪ್ಪ ಕೈಯಿಂದ ಕ್ಯಾಮೆರಾ ಕಿತ್ತುಕೊಂಡಿದ್ದರೆ? ನಾನು ಇದನ್ನು ತುಂಬ ಸಲ ಯೋಚಿಸಿದ್ದೇನೆ. ದೊಡ್ಡ ಫೋಟೊಗ್ರಾಫರ್‌ಗಳ ಬಗ್ಗೆ ಓದುವಾಗಲೂ ಮೊದಲು ಹುಡುಕೋದು ಇದನ್ನೇ, ಮನೆಯಲ್ಲಿ ಯಾರು ಕೈಗೆ ಕ್ಯಾಮೆರಾ ಕೊಟ್ಟರು ಅಂತ. ಅಮೆರಿಕದ ಆನ್ಸೆಲ್ ಆಡಮ್ಸ್‌ಗೆ 14 ವರ್ಷ ಇದ್ದಾಗ, 1916ರಲ್ಲಿ, ಯೋಸೆಮಿಟಿ ಕಣಿವೆಗೆ ಮನೆಯವರೆಲ್ಲ ಪ್ರವಾಸ ಹೋದಾಗ, ಅಪ್ಪ ಅಮ್ಮ ಕೊಡಾಕ್ ಬ್ರೌನಿ ಕೊಟ್ಟರು. ಅದೂ ಇಂಥದ್ದೇ ಡಬ್ಬ ಕ್ಯಾಮೆರಾ. ಬ್ರೌನಿ 1900ರಲ್ಲಿ ಮೊದಲು ಬಂದಾಗ ಬೆಲೆ ಒಂದು ಡಾಲರ್, ಮಕ್ಕಳ ಕೈಗೂ ಸಿಗಲಿ ಅಂತಲೇ ಮಾಡಿದ್ದು. ಆ ಹುಡುಗ ಜೀವನ ಪೂರ್ತಿ ಅದೇ ಯೋಸೆಮಿಟಿಗೆ ಹೋಗಿ ಹೋಗಿ ಫೋಟೊ ತೆಗೆದ. ನಮ್ಮ ರಘು ರಾಯ್ ಅವರಿಗೆ ದಾರಿ ತೋರಿಸಿದ್ದು ಅಣ್ಣ ಎಸ್. ಪಾಲ್. ಅವರೂ ಫೋಟೊಗ್ರಾಫರ್. ತಮ್ಮ ತೆಗೆದ ಒಂದು ಕತ್ತೆಮರಿಯ ಫೋಟೊ ನೋಡಿ ಮೆಚ್ಚಿ ಅಣ್ಣನೇ ಲಂಡನ್ನಿನ ಪತ್ರಿಕೆಗೆ ಕಳಿಸಿದರು, ಅದು ಅಚ್ಚಾಯಿತು. ಅಣ್ಣ ಅದನ್ನು ನೋಡಿ ಪಕ್ಕಕ್ಕೆ ಇಟ್ಟಿದ್ದರೆ ಏನಾಗುತ್ತಿತ್ತೋ. ನಾನು ಅಂಥ ದೊಡ್ಡ ಫೋಟೊಗ್ರಾಫರ್ ಅಲ್ಲ, ಬ್ಯಾಂಕಿನಲ್ಲಿ ಕೆಲಸ, ಭಾನುವಾರ ಮಾತ್ರ ಫೋಟೊ. ಆದರೆ ನನ್ನ ಮನೆಯವರು ಮಾಡಿದ್ದು ಅದೇ ಕೆಲಸ.

ಈಗ ಕ್ಯಾಮೆರಾಗೆ ಬರುತ್ತೇನೆ.

ಟ್ರಂಕಿನಿಂದ ತೆಗೆದಾಗ ಚರ್ಮದ ಕೇಸಿಗೆ ಬೂಷ್ಟು ಹಿಡಿದಿತ್ತು. ಒರೆಸಿ ಎರಡು ದಿನ ಎಳೆಬಿಸಿಲಿಗೆ ಇಟ್ಟೆ, ಹೋಯಿತು. ಕ್ಯಾಮೆರಾ ಒಳಗೆ ಕಪ್ಪು ಬಣ್ಣ ಹಾಗೇ ಇತ್ತು. ಶಟರ್ ಮೊದಲು ಅಂಟಿಕೊಂಡಿತ್ತು. ರೀಲು ಇಲ್ಲದೆ ಮೂವತ್ತು ನಲವತ್ತು ಸಲ ಒತ್ತಿದ ಮೇಲೆ ಸಡಿಲವಾಯಿತು. ಪರೀಕ್ಷೆ ಮಾಡೋದು ಸುಲಭ. ಹಿಂಬದಿ ತೆಗೆದು, ಲೆನ್ಸನ್ನು ಕಿಟಕಿ ಕಡೆ ಹಿಡಿದು, ಹಿಂದಿನಿಂದ ನೋಡುತ್ತಾ ಒತ್ತಿ. ಬೆಳಕು ಕಣ್ಣು ಮಿಟುಕಿಸಿದ ಹಾಗೆ ಕಂಡು ಮರೆಯಾಗಬೇಕು. ತೆರೆದೇ ನಿಂತರೆ ರೀಲು ಹಾಕಬೇಡಿ. ದಯವಿಟ್ಟು ಎಣ್ಣೆ ಬಿಡಬೇಡಿ, ಅದು ಹರಡಿ ಲೆನ್ಸಿಗೆ ಬಂದರೆ ಕಥೆ ಮುಗಿಯಿತು.

ಕೊಳ್ಳುವವರು ಇನ್ನೊಂದು ನೋಡಲೇಬೇಕು. ಒಳಗೆ ಖಾಲಿ ಸುರುಳಿ ಇದೆಯಾ? 120 ರೀಲು ಒಂದು ಸುರುಳಿಯಿಂದ ಬಿಚ್ಚಿ ಇನ್ನೊಂದಕ್ಕೆ ಸುತ್ತಿಕೊಳ್ಳುತ್ತದೆ. ಮುಗಿದ ಮೇಲೆ ಮೊದಲಿನದು ಖಾಲಿಯಾಗಿ ಉಳಿಯುತ್ತದೆ, ಅದನ್ನು ಈಚೆ ಕಡೆಗೆ ಹಾಕಿಕೊಂಡು ಮುಂದಿನ ರೀಲು ಶುರು. ಆ ಖಾಲಿ ಸುರುಳಿ ಇಲ್ಲದಿದ್ದರೆ ಕ್ಯಾಮೆರಾ ಎಷ್ಟು ಚೆನ್ನಾಗಿದ್ದರೂ ಪ್ರಯೋಜನ ಇಲ್ಲ. ನಮ್ಮದರಲ್ಲಿ ಅಪ್ಪ ಕೊನೆಯ ರೀಲು ತೆಗೆದ ಮೇಲೂ ಅದನ್ನು ಹಾಕಿಟ್ಟಿದ್ದರು. ಮತ್ತೆ ಯಾವತ್ತಾದರೂ ಬೇಕಾದೀತು ಅಂತ.

ರೀಲು ಯಾವುದು? ಈ ಕ್ಯಾಮೆರಾದ ಶಟರ್ ನಿಧಾನ, ಲೆನ್ಸಿನ ಕಿಂಡಿಯ ಅಳತೆ ಎಫ್ 11ರ ಆಸುಪಾಸು. ಅಂದರೆ ಬೆಳಕು ಧಾರಾಳವಾಗಿ ಒಳಗೆ ಬರುತ್ತದೆ. ಫಿಲ್ಮಿನ ನಂಬರ್ ಜಾಸ್ತಿಯಾದಷ್ಟೂ ಅದು ಬೆಳಕನ್ನು ಬೇಗ ಹಿಡಿಯುತ್ತದೆ. 400ರ ಫಿಲ್ಮ್ ಹಾಕಿ ಮಟಮಟ ಮಧ್ಯಾಹ್ನ ತೆಗೆದರೆ ನೆಗೆಟಿವ್ ಗಟ್ಟಿ ಕಪ್ಪಾಗಿ ಬರುತ್ತದೆ, ಪ್ರಿಂಟಿನಲ್ಲಿ ಮುಖವೆಲ್ಲ ಬಿಳಿ. ನಾನು ಚೆಕ್ ದೇಶದ ಫೋಮಾಪ್ಯಾನ್ 100 ಹಾಕಿದೆ. ಕಪ್ಪುಬಿಳುಪು ಫಿಲ್ಮ್ ಸ್ವಲ್ಪ ಜಾಸ್ತಿ ಬೆಳಕನ್ನು ತಡೆದುಕೊಳ್ಳುತ್ತದೆ. ಬೆಳಗ್ಗೆ ಎಂಟರೊಳಗೆ, ಸಂಜೆ ನಾಲ್ಕರ ಮೇಲೆ, ಅಥವಾ ಮೋಡ ಇದ್ದಾಗ ತೆಗೆಯಿರಿ. ಮತ್ತೆ ಅದೇ ನಾಲ್ಕು ಗಂಟೆ ಬಂತು ನೋಡಿ. ಈಗಿನ ಫಿಲ್ಮುಗಳಿಗೆ ಬೆನ್ನಿನ ಕೆಂಪು ಕಿಂಡಿಯಿಂದ ಬೆಳಕು ನುಗ್ಗುವ ಭಯ ಇದೆ. ಅದರ ಮೇಲೆ ಕಪ್ಪು ಟೇಪ್ ಅಂಟಿಸಿ, ರೀಲು ತಿರುಗಿಸುವಾಗ ಮಾತ್ರ ನೆರಳಿನಲ್ಲಿ ಎತ್ತಿ ನಂಬರ್ ನೋಡಿ.

ಮೊದಲ ರೀಲನ್ನು ಭದ್ರಾವತಿಯಲ್ಲೇ ತೆಗೆದೆ. ಹಳೇ ಊರಿನ ಲಕ್ಷ್ಮೀನರಸಿಂಹ ದೇವಸ್ಥಾನ, 13ನೇ ಶತಮಾನದ ಹೊಯ್ಸಳರ ಗುಡಿ, ಮೂರು ಗರ್ಭಗುಡಿ ಇರುವಂಥದ್ದು. ಅಪ್ಪನನ್ನೂ ಕರೆದುಕೊಂಡು ಹೋಗಿದ್ದೆ. ಅವರಿಗೀಗ 76. ಹೊರಗೋಡೆಯ ಕೆತ್ತನೆ ತೆಗೆಯಲು ಹತ್ತಿರ ಹೋದೆ. "ಎಷ್ಟು ಅಡಿ?" ಅಂತ ಹಿಂದಿನಿಂದ ಕೇಳಿದರು. ನಾಲ್ಕು ಹೆಜ್ಜೆ ಹಿಂದೆ ಬಂದೆ. ಶಟರ್ ನಿಧಾನ ಇರೋದರಿಂದ ಕೈ ಸ್ವಲ್ಪ ಅಲುಗಿದರೂ ಫೋಟೊ ಅಲುಗುತ್ತದೆ. ಮೊಣಕೈ ಪಕ್ಕೆಗೆ, ಕ್ಯಾಮೆರಾ ಕೆನ್ನೆಗೆ, ಉಸಿರು ಹಿಡಿದು. ನನಗೆ 49 ವರ್ಷ, ಅಪ್ಪ ಹಿಂದೆ ನಿಂತು ಅದನ್ನೇ ಹೇಳುತ್ತಿದ್ದರು.

ಆ ರೀಲನ್ನು ತೊಳೆಯಲು ಒಂದು ಕಡೆ ಕೊಟ್ಟೆ. ಹೆಸರು ಹೇಳೋದು ಬೇಡ. ವಾಪಸ್ ಬಂದಾಗ ನೆಗೆಟಿವ್ ಮೇಲೆ ಬೆರಳಿನ ಗುರುತು. ಪಟ್ಟಿ ಕತ್ತರಿಸುವಾಗ ಎರಡು ಫೋಟೊಗಳ ಮಧ್ಯೆ ಹಾದು ಹೋಗಬೇಕಾದ ಕತ್ತರಿ ಒಂದು ಫೋಟೊದ ನಡುವೆಯೇ ಹೋಗಿತ್ತು. ಗುಡಿಯ ಮೆಟ್ಟಿಲ ಮೇಲೆ ಅಪ್ಪ ಅಮ್ಮ ಕೂತ ಫೋಟೊ ಅದು. ನನಗೆ ತುಂಬಾ ನೋವಾಯಿತು. ಹನ್ನೆರಡೇ ಇರುವಾಗ ಒಂದು ಹೋದರೆ ಹೇಗಿರುತ್ತದೆ ಅಂತ, ಸಾವಿರಗಟ್ಟಲೆ ಫೋಟೊ ಇರುವ ಫೋನಿಗೆ ಒಗ್ಗಿಹೋದ ನಾವು ಮರೆತಿದ್ದೇವೆ. ರೀಲು ಕೊಡುವ ಮುಂಚೆ ಕತ್ತರಿಸದೇ ಹಾಗೇ ಕೊಡಿ ಅಂತ ಬರೆದು ಕೊಡಿ.

ಎರಡನೆಯದನ್ನು ಮೈಸೂರಿನಲ್ಲಿ ನಾನೇ ತೊಳೆದೆ. ಕಷ್ಟ ಏನಿಲ್ಲ. ಕತ್ತಲೆ ಚೀಲ, ಒಂದು ಡೆವಲಪಿಂಗ್ ಟ್ಯಾಂಕ್, ಚಿತ್ರ ಮೂಡಿಸುವ ಡಿ-76, ಅದನ್ನು ಮಾಸದ ಹಾಗೆ ಮಾಡುವ ಹೈಪೊ, ಥರ್ಮಾಮೀಟರ್. ದ್ರಾವಣ 20 ಡಿಗ್ರಿ ಇರಬೇಕು, ನಮ್ಮ ನಲ್ಲಿ ನೀರು ಅದಕ್ಕಿಂತ ಬೆಚ್ಚಗಿರುತ್ತದೆ, ಹಾಗಾಗಿ ಟ್ಯಾಂಕನ್ನು ಐಸ್ ಹಾಕಿದ ಬಕೆಟ್‌ನಲ್ಲಿ ನಿಲ್ಲಿಸಬೇಕು. ಮೊದಲ ಸಲ ಸುರಿದ ಬರೀ ನೀರು ಎಲೆ ಹಸಿರು ಬಣ್ಣಕ್ಕೆ ಈಚೆ ಬರುತ್ತದೆ. ಗಾಬರಿ ಬೇಡ, ಈ ಫಿಲ್ಮಿನ ಗುಣವೇ ಅದು. ಬಚ್ಚಲಲ್ಲಿ ನೆಗೆಟಿವ್ ತೂಗುಹಾಕಿದಾಗ ನನ್ನ ಮಗ ಬಂದು ನೋಡಿದ. ಅವನಿಗೆ ಹದಿಮೂರು. "ಎಲ್ಲ ಉಲ್ಟಾ ಇದೆಯಲ್ಲಮ್ಮ" ಅಂದ. ಕರೀ ಆಕಾಶ, ಬಿಳೀ ಕೂದಲಿನ ತಾನು. ಒಂದೊಂದನ್ನೇ ಬೆರಳಿಟ್ಟು ಲೆಕ್ಕ ಹಾಕಿದ. ಸ್ಕ್ಯಾನರ್ ಇಲ್ಲದವರು ಟ್ಯಾಬ್‌ನ ಬಿಳಿ ಪರದೆಯ ಮೇಲೆ ಒಂದೆರಡು ಇಂಚು ಎತ್ತರದಲ್ಲಿ ನೆಗೆಟಿವ್ ಹಿಡಿದು ಫೋನಿನಿಂದ ತೆಗೆದು ಬಣ್ಣ ತಿರುವಿಕೊಳ್ಳಬಹುದು. ಪರದೆಗೇ ಅಂಟಿಸಿದರೆ ಅದರ ಚುಕ್ಕಿಗಳು ಕಾಣುತ್ತವೆ.

ಫೋಟೊ ಹೇಗಿರುತ್ತವೆ? ನಡುವೆ ಚೊಕ್ಕ, ಅಂಚಿಗೆ ಹೋದ ಹಾಗೆ ಮೆತ್ತಗಾಗುತ್ತವೆ. ಸರಳ ಲೆನ್ಸಿನ ಸ್ವಭಾವ ಅದು. ಕೆತ್ತನೆಯ ಒಂದೊಂದು ಗೆರೆಯೂ ಬೇಕು ಅನ್ನುವವರಿಗೆ ಇದು ಸರಿಹೋಗುವುದಿಲ್ಲ. ಓಡುವ ಮಗು, ಹಾರುವ ಹಕ್ಕಿ ಇದರ ಕೈಲಿ ಆಗುವುದಿಲ್ಲ. ಮನೆಯೊಳಗೆ ಬೇಡವೇ ಬೇಡ. ಆದರೆ ನೆಗೆಟಿವ್ ಅಷ್ಟು ದೊಡ್ಡದಿರೋದರಿಂದ, ಅಂಗಳದಲ್ಲಿ ನಿಂತ ಮನುಷ್ಯರನ್ನು ಇದು ತೋರಿಸುವ ರೀತಿಯೇ ಬೇರೆ. ಅಮ್ಮನ ಸೀರೆಯ ನೆರಿಗೆ, ಹಿಂದಿನ ಗೋಡೆಯ ಸುಣ್ಣ, ಎರಡರ ಮಧ್ಯೆ ಬೂದು ಬಣ್ಣದ ಹತ್ತಾರು ಛಾಯೆ. ಚೌಕ ಆಕಾರದಲ್ಲಿ ಜನ ನಡುವೆ ನಿಲ್ಲಲೇಬೇಕಾಗುತ್ತದೆ, ಒಬ್ಬರಿಗೊಬ್ಬರು ಹತ್ತಿರ ಬರಬೇಕಾಗುತ್ತದೆ.

ಖರ್ಚು ಕಡಿಮೆ ಅಂತ ಹೇಳಲಾರೆ. ರೀಲು, ಕೆಮಿಕಲ್ ಎಲ್ಲ ಸೇರಿ ನನಗೆ ಒಂದು ಫೋಟೊಗೆ ನೂರು ರೂಪಾಯಿ ಹತ್ತಿರ ಬಿತ್ತು. ಕ್ಯಾಮೆರಾ ಮನೆಯಲ್ಲಿ ಇಲ್ಲದಿದ್ದರೆ ಹಳೇ ಸಾಮಾನಿನ ಅಂಗಡಿಗಳಲ್ಲಿ ಸಾವಿರ, ಎರಡು ಸಾವಿರಕ್ಕೆ ಸಿಗೋದನ್ನು ನೋಡಿದ್ದೇನೆ. ಅದಕ್ಕಿಂತ ಜಾಸ್ತಿ ಕೊಡಬೇಡಿ. ಹಳೇ ಕಾಲದ ಫೋಟೊ ಥರ ಕಾಣಬೇಕು ಅನ್ನೋದಷ್ಟೇ ಆಸೆ ಇದ್ದರೆ ಕೊಳ್ಳಲೇಬೇಡಿ, ಫೋನಿನಲ್ಲೇ ಅದು ಆಗುತ್ತದೆ. ಮನೆಯಲ್ಲಿ ಇದ್ದರೆ ಮಾತ್ರ, ಅದನ್ನು ಹಿಡಿದವರು ಇನ್ನೂ ನಿಮ್ಮ ಜೊತೆ ಇದ್ದರೆ ಮಾತ್ರ, ಈ ತಿಂಗಳೇ ಒಂದು ರೀಲು ತರಿಸಿ. ಅವರ ಮುಂದೆ ಕೂತು ಹಾಕಿ. ನಮ್ಮಪ್ಪನಿಗೆ ಈಗ ಬೆಳಗ್ಗೆ ಮಾತ್ರೆ ತಗೊಂಡ್ರಾ ಅಂದರೆ ಯೋಚಿಸಬೇಕು. ರೀಲು ಕೈಗೆ ಕೊಟ್ಟಾಗ ಮಾತ್ರ ಬೆರಳುಗಳು ತಾವಾಗಿ ಕೆಲಸ ಮಾಡಿದವು. ಕಾಗದದ ತುದಿಯನ್ನು ಸುರುಳಿಯ ಸೀಳಿಗೆ ಸಿಕ್ಕಿಸಿ, ಎರಡು ಸುತ್ತು ಸುತ್ತಿ, ಹೆಬ್ಬೆರಳಿನಿಂದ ಒತ್ತಿ ಹಿಡಿದು, ಮುಚ್ಚಿದರು. ರೀಲು ಮುಗಿದ ಮೇಲೆ ಅಂಟುಪಟ್ಟಿಯನ್ನು ನಾಲಿಗೆಗೆ ತಾಗಿಸಿ ಒದ್ದೆ ಮಾಡಿ ಅಂಟಿಸಿದರು, ಅರ್ಧ ಸೆಕೆಂಡು. ಮಗ ಅದನ್ನು ಕಣ್ಣು ಬಿಟ್ಟು ನೋಡುತ್ತಿದ್ದ.

ಮೂರನೇ ರೀಲು ಮಗನ ಕೈಯಲ್ಲಿದೆ. ರೀಲು ತಿರುಗಿಸೋದು ಇನ್ನೂ ನನ್ನದೇ ಕೆಲಸ. ಅವನು ಈವರೆಗೆ ತೆಗೆದಿರೋದು ಐದು. ಅದರಲ್ಲಿ ಒಂದು, ಸಂಜೆ ಹೊತ್ತು ಭದ್ರಾವತಿಯ ಮನೆ ಮುಂದೆ ಅಜ್ಜ ಅಜ್ಜಿದು. ಬಿಸಿಲು ಬೆನ್ನಿಗಿಟ್ಟುಕೊಂಡೇ ತೆಗೆದ, ಅಜ್ಜ ಹೇಳಿಕೊಟ್ಟ ಹಾಗೆ. ನೆರಳು ಬಿದ್ದಿದೆಯೋ ಇಲ್ಲವೋ ತೊಳೆದ ಮೇಲೆ ಗೊತ್ತಾಗುತ್ತದೆ. ಯುಗಾದಿಗೆ ಎರಡು ಬೇಕು, ತಮ್ಮನ ಮಗಳ ನಾಮಕರಣಕ್ಕೆ ಒಂದು, ನೆಂಟರಿಗೆ ಅಂತ ಒಂದು ಮೀಸಲು. ನಿನ್ನೆ ರಾತ್ರಿ ಅಮ್ಮ ಫೋನ್ ಮಾಡಿದ್ದಳು. ಊಟ ಆಯ್ತಾ ಅಂತ ಕೇಳಿದಳು. ಆಮೇಲೆ, "ರೀಲಲ್ಲಿ ಇನ್ನೆಷ್ಟು ಇದೆ?" ಅಂದಳು. ಟೇಪ್ ಎತ್ತಿ ನೋಡಿ ಬಂದು ಹೇಳಿದೆ. ಏಳು.